ಇಲ್ಲದ ಮಳೆಯಲ್ಲಿ ನೆನೆದವರು

ಗೆದ್ದರೆ ಬಹುಮಾನವಿಲ್ಲ, ಸೋತರೆ ನಷ್ಟವಿಲ್ಲ. ಕುಂಟು ಕಾಲಿನ ಸೈನಿಕನಾಗಿಯೋ, ಬಾಯಿಬಡುಕಿ ಅಡುಗೆಯವಳಾಗಿಯೋ ರಾತ್ರಿಯಿಡೀ ಹರಟುವುದಷ್ಟೇ ಕೆಲಸ! ಆನ್‌ಲೈನ್ ಫ್ಯಾಂಟಸಿ ಆಟಗಳಲ್ಲಿ ರಾಕ್ಷಸರನ್ನು ಕೊಲ್ಲುವುದು ಬಿಟ್ಟು ಪಾತ್ರ ಕಟ್ಟುತ್ತ ಕೂರುವವರ ಲೋಕದಲ್ಲೊಂದು ಸುತ್ತು.

ಭಾನುವಾರ ಬೆಳಗ್ಗೆ ಏಳೂವರೆ. ಇಲ್ಲಿ ನನ್ನ ಫಿಲ್ಟರ್ ಕಾಫಿ ಆರುತ್ತಿದೆ, ಅಲ್ಲಿ ಅಮೆರಿಕದಲ್ಲಿ ಶನಿವಾರ ರಾತ್ರಿ ರಂಗೇರುತ್ತಿದೆ. ಕಂಪ್ಯೂಟರ್ ಪರದೆಯ ಮೇಲೆ ‘ಪ್ರಾನ್ಸಿಂಗ್ ಪೋನಿ’ ಎಂಬ ಪಾನಗೃಹ. ಮರದ ಮೇಜುಗಳು, ಉರಿಯುವ ಒಲೆ, ಮೂಲೆಯಲ್ಲಿ ಪೈಪು ಸೇದುವ ಒಂದಿಬ್ಬರು. ಟೋಲ್ಕಿನ್ ಕಾದಂಬರಿ ಓದಿದವರಿಗೆ ಪರಿಚಿತ ಜಾಗವೇ. ‘ದ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್’ ಆಟದಲ್ಲಿ ನಾನೊಬ್ಬ ಹಾಬಿಟ್. ಮೂರಡಿ ಎತ್ತರ, ಬರಿಗಾಲು, ಪಾದದ ಮೇಲೆಲ್ಲ ಗುಂಗುರು ಕೂದಲು. ನಾಮಕರಣವಾಗಿ ಇಪ್ಪತ್ತು ನಿಮಿಷವಾಗಿದೆಯಷ್ಟೆ.

ಬಾಗಿಲು ತೆರೆಯಿತು. ಸೊಂಟದವರೆಗೆ ಗಡ್ಡ ಬಿಟ್ಟ ಕುಳ್ಳನೊಬ್ಬ ಒಳಗೆ ಬಂದ. ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಮೂಡಿತು: ಹೊಸ್ತಿಲಲ್ಲೇ ನಿಂತು ಮೇಲಂಗಿಯ ನೀರು ಕೊಡವಿದನಂತೆ, ಗಡ್ಡ ಹಿಂಡಿಕೊಂಡನಂತೆ.

ಆಟದಲ್ಲಿ ಮಳೆ ಇರಲಿಲ್ಲ. ಹೊರಗೆ ಚೆನ್ನಾಗಿ ಬಿಸಿಲು ಹೊಡೆಯುತ್ತಿತ್ತು.

ಒಲೆಯ ಬಳಿ ಕೂತಿದ್ದ ಎಲ್ಫ್ ಹೆಂಗಸು ಏನೂ ಕೇಳದೆ ಸರಿದು ಅವನಿಗೆ ಜಾಗ ಕೊಟ್ಟಳು. ಇನ್ನೊಬ್ಬ, ‘ಈಗಷ್ಟೇ ಒರೆಸಿದ ನೆಲ’ ಎಂದು ಗೊಣಗಿದ. ಮೂರು ಸಾಲಿಗೆ ಮಳೆ ಹಿಡಿದುಕೊಂಡಿತು. ಆಮೇಲೆ ಬಂದವರೆಲ್ಲ ನೆನೆದುಕೊಂಡೇ ಬಂದರು. ಒಬ್ಬಾಕೆ ಬರುತ್ತಲೇ ಸೀನಿದಳು.

ಗಡ್ಡದವನು ನನ್ನ ಕಡೆ ತಿರುಗಿದ. ‘ಏನಪ್ಪಾ ಮರಿ, ನಾವೆಲ್ಲ ಹೀಗೆ ತೊಪ್ಪೆಯಾಗಿದ್ದೀವಿ. ನೀನೊಬ್ಬ ಹೇಗೆ ಒಣಗಿಕೊಂಡಿದ್ದೀಯ?’

ನನಗೆ ಕೈಯೇ ಓಡಲಿಲ್ಲ. ದಿನಾ ಬರೆದೇ ಹೊಟ್ಟೆ ಹೊರೆಯುವವನು ನಾನು, ಒಂದು ಸಾಲಿಗೆ ತಡಕಾಡಿದೆ. ಕೊನೆಗೆ ಟೈಪಿಸಿದ್ದು ಇಷ್ಟು: ‘ನಾನು ಮಧ್ಯಾಹ್ನವೇ ಬಂದವನು ಸ್ವಾಮಿ. ಉಂಡ ಊಟಕ್ಕೆ ಕೊಡಲು ಕಾಸಿಲ್ಲ. ಎದ್ದು ಹೋಗಲಾಗದೆ ಕೂತಿದ್ದೀನಿ.’

ಪಾನಗೃಹವೆಲ್ಲ ನಕ್ಕಿತು. ಒಬ್ಬ ನನ್ನ ಲೆಕ್ಕ ಚುಕ್ತಾ ಮಾಡಲು ಮುಂದೆ ಬಂದ. ಗಡ್ಡದವನು, ಸಾಲ ಕೊಡ್ತೀನಿ, ಬಡ್ಡಿ ಎಷ್ಟು ಹೇಳು ಎಂದ. ಹೀಗೇ ಎರಡು ಗಂಟೆ ಹೋಯಿತು. ಒಬ್ಬರೂ ಕತ್ತಿ ಎತ್ತಲಿಲ್ಲ, ಒಂದು ರಾಕ್ಷಸನೂ ಸಾಯಲಿಲ್ಲ. ಮನೆಯಲ್ಲಿ ಇಡ್ಲಿ ಮಾತ್ರ ತಣ್ಣಗಾಯಿತು.

ಮುಂದಿನ ಭಾನುವಾರ ಹೋದಾಗ ಮೂಲೆಯಿಂದ ಯಾರೋ ಕೇಳಿದರು: ‘ಸಾಲ ತೀರಿತಾ?’

ಬಾಯಿಗೆ ಬಂದಂತೆ ನಾನು ಹುಟ್ಟಿಸಿದ ಸಾಲ. ಅದನ್ನು ಹೆಸರು, ಊರು ಗೊತ್ತಿಲ್ಲದ ಒಬ್ಬರು ಏಳು ದಿನ ನೆನಪಿಟ್ಟುಕೊಂಡಿದ್ದರು. ಈ ಹುಚ್ಚಿನ ಗುಟ್ಟು ಎಲ್ಲಿದೆಯೆಂದು ಅಂದಾಜಾದದ್ದು ನನಗೆ ಆವತ್ತು.

ಓಡುವವರ ನಡುವೆ ನಡೆಯುವವರು

ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಕಾಲ್ಪನಿಕ ಲೋಕದಲ್ಲಿ ಓಡಾಡುವ ಈ ಆಟಗಳ ಅಧಿಕೃತ ಹೆಸರಿನಲ್ಲೇ ‘ರೋಲ್‌ಪ್ಲೇಯಿಂಗ್’ ಎಂಬ ಪದವಿದೆ. ಆದರೆ ಹೆಚ್ಚಿನವರು ಯಾವ ರೋಲನ್ನೂ ಪ್ಲೇ ಮಾಡುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ! ಅವರಿಗೆ ಬೇಕಾದದ್ದು ಲೆವೆಲ್ಲು, ಲೂಟಿ, ಇನ್ನೂ ಒಳ್ಳೆಯ ಕತ್ತಿ. ಪಾತ್ರವೆಂದರೆ ಅವರ ಪಾಲಿಗೆ ಬೈಕು ಇದ್ದಂತೆ, ಹತ್ತಿ ಓಡಿಸುವುದಕ್ಕೆ.

ನವೆಂಬರ್ ಬಂತೆಂದರೆ ಈ ಲೋಕದಲ್ಲಿ ಹುಟ್ಟುಹಬ್ಬದ ಗದ್ದಲ. ಈ ಬಗೆಯ ಆಟಗಳನ್ನು ಜಗತ್ತಿಗೆಲ್ಲ ಪರಿಚಯಿಸಿದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಿಡುಗಡೆಯಾದದ್ದು 2004ರ ನವೆಂಬರ್ 23ರಂದು. 2010ರ ಹೊತ್ತಿಗೆ ದುಡ್ಡು ಕೊಟ್ಟು ಆಡುವವರ ಸಂಖ್ಯೆ 1.2 ಕೋಟಿ ಮುಟ್ಟಿತ್ತು. ಆ ಜನಸಾಗರದಲ್ಲಿ ಪಾತ್ರ ಕಟ್ಟುವವರದು ಒಂದು ಸಣ್ಣ ಕೇರಿ. ಅವರಿಗೆಂದೇ ಕಂಪನಿ ಪ್ರತ್ಯೇಕ ಸರ್ವರ್‌ಗಳನ್ನು ಕೊಟ್ಟಿದೆ: ಆರ್ಜೆಂಟ್ ಡಾನ್, ಮೂನ್ ಗಾರ್ಡ್ ಮುಂತಾಗಿ. ಆ ಸರ್ವರ್‌ಗಳಲ್ಲಿ ಕಥಾಲೋಕಕ್ಕೆ ಒಪ್ಪದ ಹೆಸರಿಟ್ಟುಕೊಂಡರೆ ಬದಲಿಸಬೇಕಾಗುತ್ತದೆ.

ಈ ಕೇರಿಯವರನ್ನು ಪತ್ತೆಹಚ್ಚುವುದು ಸುಲಭ. ಅವರು ನಡೆಯುತ್ತಾರೆ.

ಆಟದಲ್ಲಿ ಎಲ್ಲರೂ ಸದಾ ಓಡುತ್ತಲೇ ಇರುತ್ತಾರೆ, ಅದೇ ಅಲ್ಲಿನ ಸಹಜ ಗತಿ. ಕೀಬೋರ್ಡಿನ ಅಂಕಿಗಳ ಪಕ್ಕದ ಓರೆಗೆರೆಯ ಕೀಲಿ ಒತ್ತಿದರೆ ಮಾತ್ರ ಪಾತ್ರ ಮನುಷ್ಯರ ಹಾಗೆ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಬೇಗ ಬೇಗ ಕೆಲಸ ಮುಗಿಸಬೇಕೆನ್ನುವವರಿಗೆ ಹಾಗೊಂದು ಕೀಲಿ ಇದೆಯೆಂಬುದೇ ಗೊತ್ತಿರುವುದಿಲ್ಲ. ಮಾರುಕಟ್ಟೆಯಲ್ಲಿ ಎಲ್ಲರೂ ದಡಬಡ ಓಡುವಾಗ ಒಬ್ಬಾತ ಅಂಗಡಿ ನೋಡುತ್ತ, ನಿಂತು ನಿಂತು ಸಾಗುತ್ತಿದ್ದರೆ ಅವನು ಮಾತಿಗೆ ಸಿಗುತ್ತಾನೆಂದು ಅರ್ಥ.

ಹತ್ತಿರ ಹೋಗಿ ಅವನ ಮೇಲೆ ಕ್ಲಿಕ್ಕಿಸಿ. ‘ಟೋಟಲ್ ಆರ್‌ಪಿ 3’ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡಿದ್ದರೆ ಅವನ ವಿವರ ತೆರೆದುಕೊಳ್ಳುತ್ತದೆ. ಎಡಗೆನ್ನೆಯ ಗಾಯ, ಬೆಳ್ಳುಳ್ಳಿ ವಾಸನೆ, ಹೊಲಿಗೆ ಬಿಟ್ಟ ತೋಳು. ಅನುಭವಿಗಳು ಕಣ್ಣಿಗೆ ಕಾಣುವುದನ್ನಷ್ಟೇ ಬರೆಯುತ್ತಾರೆ. ಗಾಯ ಹೇಗಾಯಿತೆಂದು ತಿಳಿಯಬೇಕಾದರೆ ಕೇಳಬೇಕು. ಕೇಳಿಸಿಕೊಳ್ಳಲೆಂದೇ ಆ ಗಾಯ ಇರುವುದು. ಹೊಸಬರದು ಇನ್ನೊಂದು ರೀತಿ: ಅಪ್ಪ ರಾಜ, ಅಮ್ಮ ಡ್ರ್ಯಾಗನ್, ಬಾಲ್ಯದಲ್ಲೇ ಅನಾಥ, ಕಣ್ಣಿನ ಬಣ್ಣ ನೇರಳೆ ಎಂದು ನಾಲ್ಕು ಪುಟ. ಅಂಥವರ ಹತ್ತಿರ ಯಾರೂ ಕೂರುವುದಿಲ್ಲ. ಎಲ್ಲ ಹೇಳಿಯೇ ಬಿಟ್ಟವನ ಜೊತೆ ಮಾತಾಡುವುದೇನು?

> ಕೇರಿಯ ನುಡಿಗಟ್ಟು
>
> ಐಸಿ, ಓಓಸಿ: ಪಾತ್ರದೊಳಗೆ ಇರುವುದು ಐಸಿ. ಪಾತ್ರದಿಂದ ಹೊರಬಂದು ಆಡುವ ಮಾತು ಓಓಸಿ. ‘ಕುಕ್ಕರ್ ಕೂಗ್ತಿದೆ, ಬಂದೆ’ ಎನ್ನಬೇಕಾದರೆ ಜೋಡಿ ಆವರಣ ಚಿಹ್ನೆಯೊಳಗೆ ಬರೆಯಬೇಕು.
>
> ಎಮೋಟ್: ಆಡದೆ ಮಾಡುವುದು. ಹುಬ್ಬೇರಿಸುವುದು, ನಿಟ್ಟುಸಿರು, ಲೋಟ ಕೆಳಗಿಡುವುದು. ನುರಿತವರಿಗೆ ಮಾತಿಗಿಂತ ಇದರಲ್ಲೇ ಹಿಡಿತ.
>
> ಮೆಟಾಗೇಮಿಂಗ್: ಆಟಗಾರನಿಗೆ ಗೊತ್ತಿರುವುದನ್ನು ಪಾತ್ರಕ್ಕೂ ಗೊತ್ತಿರುವಂತೆ ಆಡುವುದು. ತಲೆಯ ಮೇಲೆ ತೇಲುವ ಹೆಸರು ಓದಿಕೊಂಡು, ಪರಿಚಯವಾಗುವ ಮೊದಲೇ ಹೆಸರು ಹಿಡಿದು ಕರೆದರೆ ತಪ್ಪು.
>
> ಗಾಡ್‌ಮೋಡಿಂಗ್: ತಾನೇ ದೇವರೆಂಬಂತೆ ಎದುರಿನವರ ಗತಿಯನ್ನೂ ನಿರ್ಧರಿಸುವುದು. ಕ್ಷಮೆಯಿಲ್ಲದ ಅಪರಾಧ.
>
> ಬ್ಲೀಡ್: ಪಾತ್ರದ ಸಿಟ್ಟು, ಪ್ರೀತಿ, ದುಃಖ ಆಟ ಮುಗಿದ ಮೇಲೂ ಆಟಗಾರನಲ್ಲಿ ಉಳಿದುಕೊಳ್ಳುವುದು.

ಕತ್ತಿ ಬೀಸಬಹುದು, ತಲೆ ಉರುಳಿಸುವಂತಿಲ್ಲ

ಇಡೀ ಕಸುಬು ನಿಂತಿರುವುದು ಒಂದು ನಿಯಮದ ಮೇಲೆ. ‘ಅವನ ಕುತ್ತಿಗೆಗೆ ಗುರಿಯಿಟ್ಟು ಕತ್ತಿ ಬೀಸಿದೆ’ ಎಂದು ನಾನು ಬರೆಯಬಹುದು. ‘ಅವನ ತಲೆ ಉರುಳಿತು’ ಎಂದು ಬರೆಯುವಂತಿಲ್ಲ. ತಲೆ ಉರುಳಿತೋ, ಅವನು ಬಗ್ಗಿ ತಪ್ಪಿಸಿಕೊಂಡನೋ, ಕಿವಿಯಷ್ಟೇ ಹೋಯಿತೋ, ಅದನ್ನು ಹೇಳಬೇಕಾದವನು ತಲೆಯ ಒಡೆಯ. ನನ್ನ ಮಾತು ನನ್ನದು, ನಿನ್ನ ಉತ್ತರ ನಿನ್ನದು.

ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಲೆ ಕೇಳಿದವರಿಗೆ ಇದು ಗೊತ್ತೇ ಇದೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಲ್ಯ ಹೊದ್ದ ನಾಲ್ಕಾರು ಮಂದಿ ಎದುರುಬದುರು ಕೂತಿದ್ದಾರೆ. ಭಾಗವತರು ಪದ ಹೇಳಿ ಮುಗಿಸುತ್ತಿದ್ದಂತೆ ಅವರಲ್ಲೊಬ್ಬರು ವಾಲಿಯಾಗಿಬಿಡುತ್ತಾರೆ. ಮುಂದೆ ಯಾವ ಮಾತು ಬರುತ್ತದೆಂದು ಎದುರಿನ ರಾಮನಿಗೂ ಗೊತ್ತಿಲ್ಲ. ಬರೆದಿಟ್ಟ ಸಂಭಾಷಣೆ ಇಲ್ಲವೇ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಎದುರು ಕೂತರೆಂದರೆ ಎಂಥ ಪಳಗಿದವರಿಗೂ ಎಚ್ಚರ ತಪ್ಪುವಂತಿರಲಿಲ್ಲ. ಕೇಳುವವರಿಗೆ ಸುಖ ಸಿಗುತ್ತಿದ್ದದ್ದೂ ಆ ಎಚ್ಚರದಿಂದಲೇ.

ಪ್ರಾನ್ಸಿಂಗ್ ಪೋನಿಯಲ್ಲಿ ನಡೆಯುವುದು ಬೆರಳಿನಲ್ಲಿ ಆಡುವ ತಾಳಮದ್ದಲೆ. ಒಂದು ವ್ಯತ್ಯಾಸವಂತೂ ಇದೆ. ತಾಳಮದ್ದಲೆಯಲ್ಲಿ ವಾಲಿ ಎಷ್ಟೇ ವಾದ ಮಾಡಲಿ, ಕೊನೆಗೆ ಸಾಯಲೇಬೇಕು, ಪ್ರಸಂಗ ಹಾಗಿದೆ. ಇಲ್ಲಿ ಪ್ರಸಂಗವೂ ಇಲ್ಲ, ಭಾಗವತರೂ ಇಲ್ಲ. ಎದುರು ಕೂತು ಕೇಳುವ ಪ್ರೇಕ್ಷಕರೂ ಇಲ್ಲ. ಆಡುವವರೇ ಕೇಳುವವರು. ಅಷ್ಟು ಚೆಂದದ ಮಾತುಗಳು ಚಾಟ್ ಪೆಟ್ಟಿಗೆಯಲ್ಲಿ ಮೇಲೆ ಮೇಲೆ ಸರಿದು ಮಾಯವಾಗುತ್ತವೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಎಸೆಕ್ಸ್‌ನ ರಾತ್ರಿಗಳು

ಇದೆಲ್ಲ ಶುರುವಾದದ್ದು ಚಿತ್ರವೇ ಇಲ್ಲದ ಪರದೆಯ ಮೇಲೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ತಂದರು. ಮೇಜಿನ ಸುತ್ತ ಕೂತು, ದಾಳ ಹಾಕಿ, ಬಾಯಲ್ಲೇ ಕತೆ ಕಟ್ಟುವ ಆಟ ಅದು. ನಾಲ್ಕು ವರ್ಷದ ನಂತರ, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಒಂದು ಪ್ರೋಗ್ರಾಂ ಬರೆದ. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಹೆಸರು ‘ಮಡ್’. ಬರೀ ಅಕ್ಷರ: ನೀವೊಂದು ಕಿರುದಾರಿಯಲ್ಲಿ ನಿಂತಿದ್ದೀರಿ, ಪೂರ್ವಕ್ಕೆ ಕಾಡು, ಹೀಗೆ. ಅದೇ ದಾರಿಯಲ್ಲಿ ಇನ್ನೊಬ್ಬ ನಿಂತಿದ್ದಾನೆ, ಅವನೂ ಎಲ್ಲೋ ಕೂತು ಟೈಪಿಸುತ್ತಿರುವ ಮನುಷ್ಯನೇ ಎಂಬುದು ಹೊಸದು. ಹೊರಗಿನವರು ಫೋನ್ ತಂತಿಯ ಮೂಲಕ ಬರಬಹುದಿತ್ತು, ಆದರೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಬಿಡುವಾಗುವ ರಾತ್ರಿ ಹೊತ್ತಿನಲ್ಲಿ ಮಾತ್ರ. ನಿದ್ದೆಗೆಡುವ ಸಂಪ್ರದಾಯವೂ ಅಲ್ಲಿಂದಲೇ ಬಂತು.

ಬಾರ್ಟಲ್ ಸಾಧಾರಣ ಮನೆಯಿಂದ ಬಂದವನು. ಬಾಯಿ ತೆರೆದ ಕೂಡಲೇ, ಆಡುವ ಇಂಗ್ಲಿಷಿನ ರಾಗ ಕೇಳಿ ಜನ ಮನೆತನ ಅಳೆಯುವ ದೇಶ ಅದು. ಟೈಪಿಸಿದ ಅಕ್ಷರಕ್ಕೆ ರಾಗವಿಲ್ಲ. ಹುಟ್ಟಿನ ಲೆಕ್ಕ ಬಿಟ್ಟು ಗುಣದಿಂದ ಗುರುತಿಸಿಕೊಳ್ಳುವ ಜಾಗವೊಂದು ಬೇಕಿತ್ತೆಂದು ಆತ ಮುಂದೆ ಹೇಳಿಕೊಂಡದ್ದಿದೆ. ಹಾಗಾಗಿ ನನ್ನ ಮಟ್ಟಿಗೆ ಇದು ಟೈಂಪಾಸಿಗೆ ಹುಟ್ಟಿದ ಆಟ ಅಲ್ಲವೇ ಅಲ್ಲ, ಅದರ ಬೇರಿನಲ್ಲೊಂದು ಸಿಟ್ಟಿದೆ.

> ನೀವು ಯಾವ ಎಲೆ?
>
> ಆಡುವವರಲ್ಲಿ ನಾಲ್ಕು ಜಾತಿ ಎಂದು 1996ರ ಪ್ರಬಂಧವೊಂದರಲ್ಲಿ ಬಾರ್ಟಲ್ ವಿಂಗಡಿಸಿದ. ಅದಕ್ಕೆ ಬಳಸಿಕೊಂಡದ್ದು ಇಸ್ಪೀಟೆಲೆಗಳನ್ನು.
>
> ನಿಧಿ, ಅಂಕ, ಪದವಿ ಬೇಕೆನ್ನುವವರು ಡೈಮಂಡ್. ನೆಲ ಅಗೆದು ಮೂಲೆ ಮೂಲೆ ಹುಡುಕುವವರು ಸ್ಪೇಡ್, ಇಂಗ್ಲಿಷಿನಲ್ಲಿ ಆ ಪದಕ್ಕೆ ಗುದ್ದಲಿ ಎಂಬರ್ಥವೂ ಇದೆಯಲ್ಲ! ಕಳಾವರ್ ಎಲೆಯ ಇಂಗ್ಲಿಷ್ ಹೆಸರು ‘ಕ್ಲಬ್’ ಎಂದರೆ ದೊಣ್ಣೆ, ಇತರರಿಗೆ ಬಾರಿಸುವುದೇ ಈ ಎಲೆಯವರ ಖುಷಿ. ಜನರ ಸಹವಾಸಕ್ಕೆಂದು ಬರುವವರು ಆಟೀನು.
>
> ಪಾತ್ರ ಕಟ್ಟುವವರು ಬಹುಪಾಲು ಆಟೀನಿನವರು.

ಓಸ್ಲೋದ ಮೇಣದ ಬತ್ತಿಗಳು

ನವೆಂಬರ್ ತಿಂಗಳನ್ನು ಈ ಕೇರಿ ಇನ್ನೊಂದು ಕಾರಣಕ್ಕೂ ನೆನೆಯುತ್ತದೆ.

2014ರ ನವೆಂಬರ್ 18ರಂದು ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಎಂಬ ಯುವಕ ತೀರಿಕೊಂಡ. ವಯಸ್ಸು 25. ಹುಟ್ಟಿನಿಂದಲೇ ಬಂದ ಡುಷೆನ್ ಎಂಬ ಕಾಯಿಲೆ ಅವನ ಸ್ನಾಯುಗಳನ್ನು ಒಂದೊಂದಾಗಿ ಕಸಿದುಕೊಂಡಿತ್ತು. ಬಾಲ್ಯದಲ್ಲೇ ಗಾಲಿಕುರ್ಚಿ ಬಂತು. ಕೊನೆಗೆ ಆಡುತ್ತಿದ್ದದ್ದು ಬೆರಳುಗಳಷ್ಟೇ. ಅವನಿಗೆಂದೇ ಹೊಂದಿಸಿದ ಸಾಧನಗಳ ನೆರವಿನಿಂದ ದಿನದ ಬಹುಪಾಲು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಕಳೆಯುತ್ತಿದ್ದ. ಕೊನೆಯ ಹತ್ತು ವರ್ಷಗಳಲ್ಲಿ ಅಲ್ಲಿ ಕಳೆದದ್ದು 15ರಿಂದ 20 ಸಾವಿರ ತಾಸು ಎಂಬುದೊಂದು ಲೆಕ್ಕ.

ತಂದೆ ರಾಬರ್ಟ್, ತಾಯಿ ಟ್ರೂಡೆ. ಮಗ ಯಾರ ಸ್ನೇಹ, ಪ್ರೀತಿ ಏನೂ ಕಾಣದೆ ಹೋದನಲ್ಲ ಎಂಬುದೇ ಅವರ ಸಂಕಟ. ಮಗನ ಬ್ಲಾಗಿನ ಪಾಸ್‌ವರ್ಡ್ ಅವರ ಬಳಿ ಇತ್ತು. ಸುದ್ದಿ ತಿಳಿಸೋಣವೆಂದು ತಂದೆ ಅಲ್ಲಿ ನಾಲ್ಕು ಸಾಲು ಬರೆದು ಇಮೇಲ್ ವಿಳಾಸ ಹಾಕಿದರು.

ಓಲೆಗಳು ಬರತೊಡಗಿದವು. ಒಂದಲ್ಲ, ಎರಡಲ್ಲ. ಯಾವ ಯಾವುದೋ ದೇಶಗಳಿಂದ, ಕೇಳಿಯೇ ಗೊತ್ತಿಲ್ಲದ ಹೆಸರುಗಳಿಂದ. ಎಲ್ಲರೂ ಬರೆದದ್ದು ಇಬೆಲಿನ್ ಎಂಬೊಬ್ಬನ ಬಗ್ಗೆ.

ಇಬೆಲಿನ್ ರೆಡ್‌ಮೂರ್, ಆಟದಲ್ಲಿ ಮಾಟ್ಸ್ ಕಟ್ಟಿದ ಪಾತ್ರ. ಅಗಲ ಎದೆಯ, ಕಟ್ಟುಮಸ್ತಾದ ಕುಲೀನ. ವೃತ್ತಿಯಲ್ಲಿ ಪತ್ತೇದಾರ. ‘ಸ್ಟಾರ್‌ಲೈಟ್’ ಎಂಬ ಗಿಲ್ಡ್‌ನ ಹಿರಿಯ ಸದಸ್ಯ. ಗಿಲ್ಡ್ ಎಂದರೆ ಈ ಕೇರಿಯ ಮೇಳ ಎಂದುಕೊಳ್ಳಿ. ಒಮ್ಮೆ ಹುಡುಗಿಯೊಬ್ಬಳು ಅವನ ಟೋಪಿ ಕಿತ್ತುಕೊಂಡು ಓಡಿದಳು, ಅಲ್ಲಿಂದ ಸ್ನೇಹ ಬೆಳೆಯಿತು. ಆಟವೇ ಇವಳನ್ನು ಹಾಳು ಮಾಡಿತೆಂದು ಹೆತ್ತವರು ಅವಳ ಕಂಪ್ಯೂಟರ್ ಕಿತ್ತಿಟ್ಟಾಗ, ಅವರನ್ನು ಒಪ್ಪಿಸಲು ಪತ್ರ ಬರೆದವನು ಅದೇ ಮಾಟ್ಸ್. ಆಟಿಸಂ ಇದ್ದ ಮಗನನ್ನು ಅಪ್ಪಿಕೊಳ್ಳಲಾಗದೆ ಕೊರಗುತ್ತಿದ್ದ ತಾಯಿಯೊಬ್ಬರಿಗೆ, ಆಟದೊಳಗೆ ಭೇಟಿಯಾಗಿ ನೋಡಿ ಎಂದವನೂ ಅವನೇ. ಅಲ್ಲಿ ಎರಡು ಪಾತ್ರಗಳು ಅಪ್ಪಿಕೊಂಡವು.

ಅವನನ್ನು ದೇವರು ಮಾಡುವುದು ಬೇಡ. ಮುನಿಸು, ಚುಚ್ಚುಮಾತು, ಒಂದೇ ಕಾಲಕ್ಕೆ ಇಬ್ಬರು ಹುಡುಗಿಯರ ಹಿಂದೆ ಸುತ್ತಿ ಮಾಡಿಕೊಂಡ ರಗಳೆ ಎಲ್ಲವೂ ಇದ್ದವು. ತನ್ನ ಕಾಯಿಲೆಯನ್ನು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಧ್ವನಿಯಲ್ಲಿ ಮಾತಾಡುವಾಗ, ಭೇಟಿಗೆ ಕರೆದಾಗ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ನನಗೆ ಅವನು ಇಷ್ಟವಾಗುವುದು ಈ ರಗಳೆಗಳಿಂದಾಗಿಯೇ. ಗಾಲಿಕುರ್ಚಿಯ ಹುಡುಗನ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಪಾಪ ಎನ್ನುತ್ತಾರೆ. ಇಬೆಲಿನ್ ಮೇಲೆ ಜನ ಸಿಟ್ಟಾಗುತ್ತಿದ್ದರು.

ಓಸ್ಲೋದಲ್ಲಿ ನಡೆದ ಅಂತ್ಯಕ್ರಿಯೆಗೆ ಗಿಲ್ಡ್‌ನ ಕೆಲವರು ಬೇರೆ ಬೇರೆ ದೇಶಗಳಿಂದ ಬಂದರು. ಸತ್ತವನ ಮುಖವನ್ನು ಅವರಲ್ಲಿ ಯಾರೂ ಎದುರಾಎದುರು ಕಂಡಿರಲಿಲ್ಲ. ಗಿಲ್ಡ್‌ನ ಮುಖ್ಯಸ್ಥ ಎದ್ದು ನಿಂತು, ಈ ಹೊತ್ತು ಎಲ್ಲೆಲ್ಲಿ ಮಾಟ್ಸ್‌ಗಾಗಿ ಮೇಣದ ಬತ್ತಿ ಉರಿಯುತ್ತಿದೆ ಎಂದು ಹೇಳುತ್ತ ಹೋದ: ನೆದರ್‌ಲೆಂಡ್ಸ್‌ನ ಒಂದು ತರಗತಿಯಲ್ಲಿ, ಐರ್ಲೆಂಡಿನ ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಗ್ರಂಥಾಲಯದಲ್ಲಿ.

ಗಿಲ್ಡ್‌ನವರು ತಮ್ಮ ಆಟದ ಮಾತುಗಳನ್ನೆಲ್ಲ ಕಾಪಿಟ್ಟಿದ್ದರು, ಸುಮಾರು 42 ಸಾವಿರ ಪುಟ. ಅದನ್ನೇ ಆಧಾರವಾಗಿಟ್ಟುಕೊಂಡು ನಿರ್ದೇಶಕ ಬೆಂಜಮಿನ್ ರೀ, ಇಬೆಲಿನ್‌ನ ಬದುಕನ್ನು ಆಟದ ಚಿತ್ರಗಳ ಧಾಟಿಯಲ್ಲೇ ಮರುಸೃಷ್ಟಿಸಿದರು. ‘ದ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ, ನಿರ್ದೇಶನ ಪ್ರಶಸ್ತಿ ಎರಡನ್ನೂ ಪಡೆಯಿತು. ನೆಟ್‌ಫ್ಲಿಕ್ಸ್‌ನಲ್ಲಿದೆ, ಕರವಸ್ತ್ರ ಇಟ್ಟುಕೊಂಡು ನೋಡಿ.

ಪಾತ್ರ ಕಟ್ಟುವ ಈ ಆಟವನ್ನು ‘ವಾಸ್ತವದಿಂದ ಪಲಾಯನ’ ಎಂದು ಒಂದೇ ಮಾತಲ್ಲಿ ಮುಗಿಸುವವರಿದ್ದಾರೆ. ಓಡಿಹೋಗಿ ಅಡಗಿ ಕೂರುವವರಿಗೆ ಒಂಟಿಯಾಗಿ ಆಡುವ ಸಾವಿರ ಆಟಗಳಿವೆ. ಅಲ್ಲಿ ನೀವು ರಾಜನೆಂದರೆ ರಾಜನೇ, ಯಂತ್ರ ತಲೆಬಾಗುತ್ತದೆ. ಇಲ್ಲಿ ಹಾಗಿಲ್ಲ. ನಾನು ಪತ್ತೇದಾರ ಎಂದು ಘೋಷಿಸಿಕೊಂಡರೆ ಸಾಲದು, ಯಾರಾದರೂ ಬಂದು ತಮ್ಮ ಕಳೆದುಹೋದ ಉಂಗುರ ಹುಡುಕಿಕೊಡಿ ಎನ್ನಬೇಕು. ಸ್ಟಾರ್‌ಲೈಟ್‌ನವರು ಮಾಟ್ಸ್‌ಗೆ ಕೊಟ್ಟದ್ದು ಅದನ್ನೇ. ಅವನ ಮಾತನ್ನು ನಂಬಿ ಉತ್ತರ ಕೊಟ್ಟರು.

ಬೊಂಬೆ ಹಿಡಿದವನು

ಉತ್ತರ ಕೊಡುವ ಹಕ್ಕನ್ನು ಕಿತ್ತುಕೊಂಡರೆ ಏನಾಗುತ್ತದೆಂಬುದಕ್ಕೂ ಈ ಲೋಕದಲ್ಲಿ ಹಳೆಯ ಗಾಯವೊಂದಿದೆ. 1990ರ ದಶಕದ ‘ಲಾಂಬ್ಡಾಮೂ’ ಅಕ್ಷರಗಳಲ್ಲೇ ಕಟ್ಟಿದ ಒಂದು ದೊಡ್ಡ ಬಂಗಲೆ. ಒಂದು ದಿನ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನವನು ಮಾಟದ ಬೊಂಬೆಯಂಥ ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳು ತಾವಾಗಿಯೇ ಹೇಸಿಗೆಯ ಕೃತ್ಯಗಳಲ್ಲಿ ತೊಡಗಿದಂತೆ ಎಲ್ಲರ ಪರದೆಯ ಮೇಲೆ ಸಾಲುಗಳನ್ನು ಮೂಡಿಸಿದ. ತಮ್ಮ ಹೆಸರಿನಲ್ಲಿ ತಾವು ಬರೆಯದ ಮಾತು ಓದುತ್ತ ಕೂತವರಲ್ಲಿ ಒಬ್ಬಾಕೆ ನಿಜಕ್ಕೂ ಅತ್ತರು.

ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ 1993ರಲ್ಲಿ ಇದನ್ನು ‘ವಿಲೇಜ್ ವಾಯ್ಸ್’ ಪತ್ರಿಕೆಗೆ ಬರೆದ. ಬರೀ ಅಕ್ಷರ ತಾನೇ, ಕಂಪ್ಯೂಟರ್ ಆರಿಸಿ ಎದ್ದು ಹೋಗಬಹುದಿತ್ತಲ್ಲ ಎಂದವರಿದ್ದರು. ಬಂಗಲೆಯವರು ಹಾಗೆನ್ನಲಿಲ್ಲ. ಸಭೆ ಸೇರಿದರು, ಕಚ್ಚಾಡಿದರು. ಕೊನೆಗೆ ಮೇಲ್ವಿಚಾರಕರಲ್ಲೊಬ್ಬ ಆ ಪಾತ್ರವನ್ನು ಅಳಿಸಿಹಾಕಿದ. ಆಮೇಲೆ ಮತ ಹಾಕಿ ನಿಯಮ ಮಾಡಿಕೊಳ್ಳುವ ಪದ್ಧತಿಯೂ ಅಲ್ಲಿ ಬಂತು.

ಪಾತ್ರ ಮೈಗೆ ಅಂಟುತ್ತದೆ, ಅದು ನಿಜ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೇಲನ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಎತ್ತರದ ಅವತಾರ, ಕೆಲವರಿಗೆ ಕುಳ್ಳ ಅವತಾರ ಕೊಟ್ಟು ಹಣ ಹಂಚಿಕೊಳ್ಳಲು ಬಿಟ್ಟರು. ಎತ್ತರದವರು ಹೆಚ್ಚು ಪಟ್ಟು ಹಿಡಿದರು. ಕಿರೀಟ ಕಟ್ಟಿದ ಮೇಲೆ ನಡಿಗೆ ಬೇರೆಯಾಗುತ್ತದೆಂದು ನಮ್ಮ ಚೌಕಿಮನೆಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಅದಿರಲಿ.

> ದೊರೆ ಸತ್ತ ದಿನ
>
> 1997ರ ಆಗಸ್ಟ್. ‘ಅಲ್ಟಿಮಾ ಆನ್‌ಲೈನ್’ ಪರೀಕ್ಷಾರ್ಥ ಓಡುತ್ತಿತ್ತು. ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ತನ್ನದೇ ಪಾತ್ರ ‘ಲಾರ್ಡ್ ಬ್ರಿಟಿಷ್’ ಆಗಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು.
>
> ದೊರೆ ಅಮರ. ಆದರೆ ಸರ್ವರ್ ನಿಂತು ಮತ್ತೆ ಶುರುವಾದ ಮೇಲೆ ಅಮರತ್ವದ ಗುಂಡಿ ಒತ್ತಲು ಮರೆತಿದ್ದರು! ಗುಂಪಿನಲ್ಲಿದ್ದ ‘ರೇನ್ಜ್’ ಎಂಬ ಆಟಗಾರ ಕದ್ದ ಮಂತ್ರವೊಂದರಿಂದ ಬೆಂಕಿ ಹಚ್ಚಿದ. ದೊರೆ ದೊಪ್ಪನೆ ಬಿದ್ದರು.

ಗುಡ್ಡದ ಮೇಲಿನ ಸಂಗೀತ

ಅಷ್ಟೊಂದು ಗಂಭೀರವಾಗಿಯೇ ಎಲ್ಲರೂ ಕೂತಿರುತ್ತಾರೆಂದಲ್ಲ. ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್‌ನಲ್ಲಿ ವಾದ್ಯ ನುಡಿಸಬಹುದು. ಲ್ಯೂಟ್, ಹಾರ್ಪ್, ಕೊಳಲು, ತಮಟೆಯಂಥ ಡ್ರಮ್ಮು. ಕೀಬೋರ್ಡಿನ ಒಂದೊಂದು ಕೀಲಿಗೆ ಒಂದೊಂದು ಸ್ವರ. ಹತ್ತಿರ ನಿಂತವರಿಗೆ ಜೋರಾಗಿ, ದೂರದವರಿಗೆ ಸಣ್ಣಗೆ ಕೇಳಿಸುತ್ತದೆ. 2009ರಿಂದ ವರ್ಷಕ್ಕೊಮ್ಮೆ ಆಟಗಾರರ ವಾದ್ಯತಂಡಗಳು ವೆದರ್‌ಟಾಪ್ ಗುಡ್ಡದ ಮೇಲೆ ‘ವೆದರ್‌ಸ್ಟಾಕ್’ ಎಂಬ ಉತ್ಸವ ನಡೆಸುತ್ತವೆ. ಕಾದಂಬರಿಯಲ್ಲಿ ಫ್ರೋಡೋ ಇರಿತಕ್ಕೊಳಗಾಗುವ ಭಯಾನಕ ಜಾಗ ಅದು. ಅಲ್ಲಿ ಡ್ವಾರ್ಫ್‌ಗಳು ಬ್ಯಾಗ್‌ಪೈಪ್ ಊದುತ್ತಾರೆ, ಎಲ್ಫ್‌ಗಳು ಕುಣಿಯುತ್ತಾರೆ. ನಮ್ಮೂರ ಜಾತ್ರೆಯಷ್ಟೇ ನೂಕುನುಗ್ಗಲು.

ನಮ್ಮ ಹುಡುಗರು ಈ ಕಡೆ ಬರುವುದು ಕಡಿಮೆ. ಅವರಿಗೆ ಆಟವೆಂದರೆ ಮೊಬೈಲು. ರೋಲ್‌ಪ್ಲೇ ಎಂದರೆ ಜಿಟಿಎ ಸರ್ವರ್‌ಗಳಲ್ಲಿ ಪೊಲೀಸೋ ಟ್ಯಾಕ್ಸಿ ಡ್ರೈವರೋ ಆಗುವುದು, ಅದನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವುದು. ಇನ್ನೊಂದು ಅಡ್ಡಿ ದೂರ. ಅಮೆರಿಕದ ಸರ್ವರ್‌ಗೆ ಬೆಂಗಳೂರಿನಿಂದ ಕತ್ತಿ ಬೀಸಿದರೆ ಅದು ಅಲ್ಲಿ ತಲುಪುವಷ್ಟರಲ್ಲಿ ರಾಕ್ಷಸ ಆಚೆ ಸರಿದಿರುತ್ತಾನೆ. ಮಾತಿಗೆ ಆ ಕಾಲು ಸೆಕೆಂಡಿನ ಹಂಗಿಲ್ಲ. ಹರಟೆಗಾರರಿಗೆ ಬೆಂಗಳೂರೂ ಒಂದೇ, ಬಾಸ್ಟನ್ನೂ ಒಂದೇ. ಕನ್ನಡದಲ್ಲಿ ಪಾತ್ರ ಕಟ್ಟುವ ಪಾನಗೃಹ ಮಾತ್ರ ನನಗಿನ್ನೂ ಸಿಕ್ಕಿಲ್ಲ. ಗಡ್ಡದವನು ಹೇಳಿದ್ದನ್ನೆಲ್ಲ ಮೇಲೆ ಕನ್ನಡಿಸಿ ಕೊಟ್ಟವನು ನಾನೇ.

ಈಚೆಗೆ ಯಂತ್ರವೇ ಪಾತ್ರವಾಗಿ ಮಾತಾಡುವ ಚಾಟ್‌ಬಾಟ್‌ಗಳು ಬಂದಿವೆ. ರಾತ್ರಿ ಎರಡಕ್ಕೂ ಸಿಗುತ್ತವೆ, ಬೇಜಾರಾಯಿತೆನ್ನುವುದಿಲ್ಲ. ಪ್ರಯತ್ನಿಸಿ ನೋಡಿದೆ. ಮಳೆಯಲ್ಲಿ ನೆನೆದು ಬಂದೆ ಎಂದೆ, ನೆನೆದಿದ್ದೀರಿ ಎಂದಿತು. ಊಟಕ್ಕೆ ಕಾಸಿಲ್ಲ ಎಂದೆ, ಪರವಾಗಿಲ್ಲ ಎಂದಿತು. ಒರೆಸಿದ ನೆಲ ಎಂದು ಗೊಣಗಲಿಲ್ಲ, ಬಡ್ಡಿ ಎಷ್ಟು ಎಂದೂ ಕೇಳಲಿಲ್ಲ. ಹೂಂಗುಟ್ಟುವ ರಾಮನೆದುರು ವಾಲಿಗೇನು ಕೆಲಸ?

ಮೊನ್ನೆ ಇಬೆಲಿನ್ ಚಿತ್ರವನ್ನು ಮತ್ತೆ ನೋಡುವಾಗ, ಮೊದಲ ಸಲ ಗಮನಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ರೋಲ್‌ಪ್ಲೇ ಮಾಡುವವರು ನಡೆಯುತ್ತಾರೆ ಎಂದೆನಲ್ಲ. ಇಬೆಲಿನ್ ಹಾಗಲ್ಲ. ಆಟಕ್ಕೆ ಬಂದ ಕೂಡಲೇ ಅವನು ಯಾರೊಂದಿಗೂ ಮಾತಿಗೆ ನಿಲ್ಲುತ್ತಿರಲಿಲ್ಲ. ಮೊದಲು ಒಂದು ಸುತ್ತು ಓಟ, ಮಿಕ್ಕಿದ್ದೆಲ್ಲ ಆಮೇಲೆ.

ಸ್ಟಾರ್‌ಲೈಟ್‌ನವರಿಗೆ ಆಗ ಕಾರಣ ಗೊತ್ತಿರಲಿಲ್ಲ. ಈಗ ಪ್ರತಿವರ್ಷ ಅವನ ನೆನಪಿಗೆ ಸೇರಿದಾಗ ಅವರೂ ನಡೆಯುವ ಕೀಲಿಯ ಗೊಡವೆಗೆ ಹೋಗುವುದಿಲ್ಲ. ಎಲ್ಲರೂ ಸೇರಿ ಓಡುತ್ತಾರೆ.